ಸೈಕಲ್ ಪ್ರಬಂಧಕ್ಕೆ ಒಪ್ಪಿಗೆ ಇಲ್ಲ

ಕಾಲೇಜಿನ ಗ್ರಂಥಾಲಯದಲ್ಲಿ ಆಕೆಗೆ ಎಲ್ಲರೂ ಇಟ್ಟ ಹೆಸರು ಭೂತಗನ್ನಡಿ. ಪಾಠಕ್ಕೆಂದು ಬೇರೆ ಬೇರೆ ಪುಸ್ತಕಗಳಿಂದ ಆರಿಸಿದ ಬರಹಗಳನ್ನು ಒಟ್ಟಾಗಿ ಅಚ್ಚು ಹಾಕಿಸುವ ಮುಂಚೆ, ಕಾಪಿರೈಟ್ ಇದ್ದವರಿಂದ ಒಪ್ಪಿಗೆ ತರುವುದು ಆಕೆಯ ಕೆಲಸ. ಯಾರ ಮಾತನ್ನೂ ಸುಲಭಕ್ಕೆ ನಂಬುವವಳಲ್ಲ. ಮನೆಯಲ್ಲಿ ಗಂಡ ಸುಮ್ಮನೆ ಹೊಗಳಿದರೂ, "ಈಗ ಏನಾಗ್ಬೇಕಿತ್ತು?" ಎಂದು ಕೇಳುವಳು.

ಆ ವರ್ಷ ಭಾಷಾ ವಿಭಾಗದ ಮೇಷ್ಟ್ರು, ತೀರಿಹೋದ ಹಾಸ್ಯಲೇಖಕರೊಬ್ಬರ ಪ್ರಬಂಧಗಳನ್ನು ಆರಿಸಿದ್ದರು. ಅವುಗಳಲ್ಲಿ, ಸೈಕಲ್ ಕಲಿಯಲು ಹೋದ ಲೇಖಕರ ಹೆಂಡತಿ ಚರಂಡಿಗೆ ಬಿದ್ದ ಪ್ರಸಂಗವೆಂದರೆ ಮೇಷ್ಟ್ರಿಗೆ ಪಂಚಪ್ರಾಣ. ಭೂತಗನ್ನಡಿ ಲೇಖಕರ ತಮ್ಮನಿಗೆ ಫೋನ್ ಮಾಡಿದಳು.

"ಧಾರಾಳವಾಗಿ ಹಾಕ್ಕೊಳ್ಳಿ ಮೇಡಂ," ಎಂದ ಆತ, ಆಕೆ ಮಾತು ಮುಗಿಸುವ ಮುಂಚೆಯೇ.

"ಹಕ್ಕು ನಿಮ್ಮ ಹೆಸರಲ್ಲಿದೆಯಾ?"

"ಅಣ್ಣಂದು ಅಂದ್ರೆ ನಮ್ದೇ ಅಲ್ವಾ?"

"ಅವರ ಮನೆಯವರನ್ನ ಕೇಳಿದ್ರಾ?"

"ಅತ್ತಿಗೆಗೆ ಇದೆಲ್ಲ ತಿಳಿಯಲ್ಲ. ಅವರನ್ನ್ಯಾಕೆ ಎಳೀತೀರಿ?"

ಆ ಕೊನೆಯ ಮಾತು ಆಕೆಯ ಕಿವಿಯಲ್ಲಿ ಚುಚ್ಚಿಕೊಂಡಿತು. ಪ್ರಕಾಶಕರನ್ನು ವಿಚಾರಿಸಿದರೆ, ಹಕ್ಕನ್ನೆಲ್ಲ ಲೇಖಕರು ಹೆಂಡತಿಯ ಹೆಸರಿಗೇ ಬರೆದಿಟ್ಟಿದ್ದರು. ಭೂತಗನ್ನಡಿ ನೇರ ಅವರ ಮನೆಗೇ ಹೋದಳು.

ಬಾಗಿಲು ಒಳಗಿನ ಸರಪಳಿ ಬಿಡುವಷ್ಟೇ ತೆರೆಯಿತು. ಸಂದಿಯಲ್ಲಿ ಒಂದು ಕಣ್ಣು.

"ಯಾರು?"

"ಕಾಲೇಜಿಂದ ಬಂದಿದೀನಮ್ಮ."

"ಹಾಗಂತ ಯಾರು ಬೇಕಾದ್ರೂ ಹೇಳ್ತಾರೆ. ಗುರುತಿನ ಚೀಟಿ ಕೊಡಿ."

ಚೀಟಿಯ ಫೋಟೋವನ್ನೂ ಮುಖವನ್ನೂ ಎರಡೆರಡು ಸಲ ಹೋಲಿಸಿ ನೋಡಿದ ಮೇಲೆ ಸರಪಳಿ ಜಾರಿತು. ಭೂತಗನ್ನಡಿಗೆ ಇವರು ನನ್ನ ಅಕ್ಕನೇ ಇರಬೇಕು ಅನ್ನಿಸಿತು. ಕೂತು, ಮೈದುನ ಫೋನಿನಲ್ಲೇ ಒಪ್ಪಿಗೆ ಕೊಟ್ಟದ್ದನ್ನೂ ಸೇರಿಸಿ, ಬಂದ ಕೆಲಸ ಹೇಳಿದಳು. ಪ್ರಬಂಧಗಳ ಪಟ್ಟಿ ನೋಡುತ್ತಿದ್ದ ಆ ಅಮ್ಮನ ಬೆರಳು ಸೈಕಲ್ ಪ್ರಬಂಧದ ಸಾಲಿನ ಹತ್ತಿರ ನಿಂತಿತು.

"ಇದೊಂದು ಬೇಡ. ಮಿಕ್ಕಿದ್ದು ಹಾಕ್ಕೊಳ್ಳಿ."

"ಮಕ್ಕಳಿಗೆ ತುಂಬಾ ಇಷ್ಟ ಆಗುತ್ತೆ ಅಂತಾರೆ, ಅಮ್ಮ."

"ಆಗದೇ ಏನು! ಮದುವೆ ಮನೆಗೆ ಹೋದ್ರೂ, ಚರಂಡಿಗೆ ಬಿದ್ದವರು ನೀವೇ ತಾನೇ ಅಂತಾರೆ. ನಾನು ಬಿದ್ದಿದ್ದನ್ನ ಬರೆದ್ರು. ಆಮೇಲೆ ಕಲಿತು, ರಿಟೈರ್ ಆಗೋವರೆಗೂ ಅದೇ ಸೈಕಲ್ಲಲ್ಲಿ ಆಸ್ಪತ್ರೆ ಡ್ಯೂಟಿಗೆ ಹೋಗಿ ಬಂದೆ. ಅದನ್ನ ಯಾವನೂ ಬರೀಲಿಲ್ಲ."

ಭೂತಗನ್ನಡಿ ಆ ಸಾಲನ್ನು ಹೊಡೆದುಹಾಕಿ ಸಹಿ ಪಡೆದಳು.

ಮೇಷ್ಟ್ರು ಕೆಂಡವಾದರು. "ಅವರ ತಲೆಗೆ ಇದನ್ನ ತುಂಬಿದ್ದು ನೀವೇ ತಾನೇ?"

"ನನ್ನ ಮೇಲೆ ಅನುಮಾನ ಇದ್ರೆ ಹೋಗಿ ಕೇಳಿ. ಗುರುತಿನ ಚೀಟಿ ಮಾತ್ರ ಮರೀಬೇಡಿ," ಎಂದಳು ಆಕೆ. ಪ್ರಬಂಧ ಅಚ್ಚಾಗಲಿಲ್ಲ.

ಪುಸ್ತಕ ಬಂದ ವಾರದಲ್ಲೇ ಆ ಅಮ್ಮ ಗ್ರಂಥಾಲಯಕ್ಕೆ ಬಂದರು. ಬೇರೆ ಹೆಸರಿಟ್ಟು ತೂರಿಸಿದ್ದಾರೇನೋ ಎಂದು ಪುಟಪುಟ ತಿರುವಿದರು. ಸಿಗಲಿಲ್ಲ. ಆದರೂ ಮುಖ ಸಡಿಲವಾಗಲಿಲ್ಲ.

"ಪುಸ್ತಕದಲ್ಲಿ ಇಲ್ಲ, ಸರಿ. ಕ್ಲಾಸಲ್ಲಿ ಬಾಯಲ್ಲಿ ಹೇಳ್ತಾರೋ ಏನೋ?"

"ಆ ಮನುಷ್ಯನ ಮೇಲೆ ನನಗೂ ಪೂರ್ತಿ ನಂಬಿಕೆ ಇಲ್ಲ," ಎಂದು ಭೂತಗನ್ನಡಿ ಎದ್ದಳು. "ಬನ್ನಿ."

ಇಬ್ಬರೂ ತರಗತಿಯ ಹೊರಗೆ, ಕಿಟಕಿಯ ಪಕ್ಕ ಗೋಡೆಗೆ ಒರಗಿ ನಿಂತರು. ಒಳಗೆ ನಗು ಭುಗಿಲೆದ್ದಿತು. ಅಮ್ಮ ಭೂತಗನ್ನಡಿಯ ತೋಳು ಹಿಡಿದು ಕಿವಿಗೊಟ್ಟರು. ಮೇಷ್ಟ್ರು ಓದುತ್ತಿದ್ದದ್ದು ಲೇಖಕರು ರೈಲಿನಲ್ಲಿ ಛತ್ರಿ ಕಳೆದುಕೊಂಡ ಪ್ರಸಂಗ.

"ಅದೂ ಸುಳ್ಳು," ಎಂದು ಪಿಸುಗುಟ್ಟಿದರು ಅಮ್ಮ. "ಛತ್ರಿ ಕಳ್ಕೊಂಡಿದ್ದು ನನ್ನ ಮೈದುನ."

"ತೆಗೆಸ್ಲಾ?"

"ಬೇಡ, ಇರಲಿ. ಅವನು ಧಾರಾಳವಾಗಿ ಒಪ್ಪಿಗೆ ಕೊಟ್ಟಿದ್ದಾನಲ್ಲ," ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.