ತಿರುವಿನಲ್ಲಿ ಕೂಗುವವನು

ಗಂಗಾವತಿ ಕಡೆಯ ನಮ್ಮ ಹಳ್ಳದ ದಂಡೆಗೆ ಈಗ ಜನ ಬುತ್ತಿ ಕಟ್ಟಿಕೊಂಡು ಹಕ್ಕಿ ನೋಡಲು ಬರುತ್ತಾರೆ. ಎಷ್ಟು ನೆಮ್ಮದಿ ಎನ್ನುತ್ತಾರೆ. ಅಲ್ಲಿ ತುಸು ಹೊತ್ತು ಕೂತರೆ ಸಾಕು, ನಾನು ಎದ್ದು ನೀರಿನೊಳಗೆ ಇಣುಕುತ್ತೇನೆ. ಇಷ್ಟು ಸದ್ದಿಲ್ಲವೆಂದರೆ ಎಲ್ಲೋ ಏನೋ ಮುಳುಗಿರಬೇಕು.

ಎಪ್ಪತ್ತರ ದಶಕದಲ್ಲಿ ಅದು ಗದ್ದಲದ ದಾರಿ. ಗದ್ದೆಗಳಿಂದ ಬಸಿದ ನೀರು ನಿಂತು ತಗ್ಗೆಲ್ಲ ಜೌಗಾದಾಗ, ಅದನ್ನು ಹರಿಸಲು ಹಳ್ಳವನ್ನು ಅಗೆದು ನೆಟ್ಟಗೆ ಮಾಡಿದ್ದರು. ಬಂಡೆ ಅಡ್ಡ ಬಂದಲ್ಲಿ ಮಾತ್ರ ಒಂದು ತಿರುವು ಉಳಿದಿತ್ತು. ಎರೆಮಣ್ಣಿನ ಕೆಸರಿನಲ್ಲಿ ಬಂಡಿ ಹೂತುಹೋಗುತ್ತಿದ್ದರಿಂದ ಭತ್ತದ ಚೀಲಗಳು ಹರಿಗೋಲಿನಲ್ಲೇ ಗಿರಣಿಗೆ ಹೋಗಬೇಕು. ಸೋದರಮಾವನದೂ ಒಂದು ಹರಿಗೋಲು. ತಿರುವಿನಲ್ಲಿ ಎದುರಿನವರು ಕಾಣುವುದಿಲ್ಲ, ಮೊದಲೇ ಕೂಗಬೇಕು. ಹುಟ್ಟು ಹಾಕಲು ಬಾರದ ನನ್ನನ್ನು ಮಾವ ಕೂಗಲಿಕ್ಕೆಂದೇ ಕರೆದೊಯ್ಯುತ್ತಿದ್ದ. ಹೆದರಿದವನ ದನಿ ದೂರ ಕೇಳುತ್ತದಂತೆ.

“ಹೋಯ್! ಬಂದ್ವಿ ರೀ!” ಎಂದು ನಾನು ತಿರುವಿಗೆ ಬಹಳ ಮೊದಲೇ ಶುರು ಮಾಡುತ್ತಿದ್ದೆ.

“ಬರ್ರಿ ಬರ್ರಿ, ನಿಮ್ಮ ಅಳಿಯಾ ಮನಿಯಿಂದನ ಒದರಕೋತ ಬಂದಾನೇನ?” ಎಂದು ಆಚೆಯಿಂದ ನಗು.

ಎಂಬತ್ತರ ದಶಕದಲ್ಲಿ ಡಾಂಬರು ರಸ್ತೆ ಬಂತು. ಒಬ್ಬೊಬ್ಬರೇ ಹರಿಗೋಲುಗಳನ್ನು ದಂಡೆಯ ಮೇಲೆ ಬೋರಲು ಹಾಕಿದರು. ಮಾವನದರ ತಳ ಸೋರುತ್ತಿತ್ತು. ಹೊಸದು ಹೆಣೆಸಬೇಕೋ, ಕಸುಬನ್ನೇ ಬಿಡಬೇಕೋ? ಬೇರೆ ಕಸುಬು ಅವನಿಗೆ ಗೊತ್ತಿರಲಿಲ್ಲ.

“ಎದುರಿಗೆ ಒಂದರ ಹರಗೋಲ ಬಂತಂದ್ರ ಹೆಣಸತೀನಿ,” ಎಂದು ಭತ್ತ ಹೇರಿಕೊಂಡು ಹೊರಟ. ನಮ್ಮ ಮನೆತನದಲ್ಲಿ ಚಿಂತೆಯ ಗುತ್ತಿಗೆ ನನ್ನದು. ಅವನೂ ಶುರುಮಾಡಿದನಲ್ಲ ಎಂದು ನನಗೆ ಮತ್ತಷ್ಟು ಚಿಂತೆ.

ಎರಡೂ ಕಡೆಯಿಂದ ಆಪು ಹುಲ್ಲು ನೀರಿನ ಮೇಲೆ ಬಾಗಿತ್ತು. ಅದಕ್ಕೆ ಹುಟ್ಟು ಸಿಕ್ಕಿ ಹರಿಗೋಲು ಗಿರಗಿರ ತಿರುಗಿತು. ತಳದಲ್ಲಿ ಜಿನುಗುವ ನೀರನ್ನು ಚೆಂಬಿನಿಂದ ಮೊಗೆಯುತ್ತಲೇ ಇದ್ದೆ. ತಿರುವು ಬಂತು. ಕೂಗಿದೆ. ಹುಲ್ಲಿನೊಳಗಿಂದ ಬೆಳ್ಳಕ್ಕಿ, ನೀರುಕೋಳಿ, ಹೆಸರೇ ತಿಳಿಯದ ಇನ್ನೇನೇನೋ ಒಮ್ಮೆಲೇ ಎದ್ದವು. ಅವು ಯಾವಾಗ ಬಂದು ಸಂಸಾರ ಹೂಡಿದ್ದವೋ!

“ಇನ್ನೊಮ್ಮಿ,” ಎಂದ ಮಾವ.

ಕೂಗಿದೆ. ಆಚೆಯಿಂದ ಯಾರೂ ಓಗೊಡಲಿಲ್ಲ. ಹಕ್ಕಿಗಳು ತಿರುಗಿ ಬಂದು ಕೂತವು.

“ಊಟಕ್ಕ ಹೋಗಿರಬೇಕು, ಮಾವಾ.”

“ಎಲ್ಲಾರೂ ಒಮ್ಮಿಗೇನಲೇ?”

ಹರಿಗೋಲನ್ನು ದಂಡೆಗೆ ಒತ್ತಿ ನಿಲ್ಲಿಸಿದ. ಗಿರಣಿ ಇನ್ನೂ ದೂರವಿತ್ತು.

“ನಡಿ, ರಸ್ತಾಕ್ಕ ಹೋಗಿ ಲಾರಿ ನಿಲ್ಸು.”

“ನಿಲ್ಲಲಿಲ್ಲಂದ್ರ?”

“ಒದರು. ಮತ್ತ ಅದಕ್ಕಲ್ಲೇನ ನಿನ್ನ ಸಾಕಿದ್ದು?”

ನಾನು ಓಡಿದೆ. ಬದುವಿನ ಮೇಲೆ ನಿಂತು ತಿರುಗಿ ನೋಡಿದರೆ, ಮಾವ ಮೊಣಕಾಲು ನೀರಿನಲ್ಲಿ ನಿಂತು ಚೀಲಗಳನ್ನು ಒಂದೊಂದಾಗಿ ದಂಡೆಗೆ ಇಳಿಸುತ್ತಿದ್ದ.