ಊರಿಗೆಲ್ಲ ಕ್ರಿಸ್ಮಸ್ ರಜೆ, ಎಸ್ತೇರಮ್ಮನಿಗೆ ಮಾತ್ರ ಇಲ್ಲ

ಬೆಳಗಿನ ಐದು ಗಂಟೆ. ಕಡೂರಿನ ಹೊಸ ಬಡಾವಣೆಯ ಮಹಡಿ ಮನೆಯೊಂದರ ಕೆಳಗಿನ ಕೋಣೆಯಲ್ಲಿ ಎಸ್ತೇರಮ್ಮ ಒಂದು ಮೊಣಕಾಲನ್ನು ಮಂಚದ ಮೇಲೆ ಊರಿ, ಅಡ್ಡ ಹಾಸಿದ ಬಟ್ಟೆಯ ತುದಿಗಳನ್ನು ಬಿಗಿಯಾಗಿ ಹಿಡಿದು, ಅರವತ್ತೆರಡು ಕೆಜಿ ತೂಕದ ಉಚ್ಚಂಗಮ್ಮನನ್ನು ಎಡಮಗ್ಗುಲಿಗೆ ಹೊರಳಿಸುತ್ತಿದ್ದಾರೆ. ಬೆನ್ನಿಗೊಂದು ದಿಂಬು, ಮಂಡಿಗಳ ನಡುವೆ ಇನ್ನೊಂದು. ಆಮೇಲೆ ಟಾರ್ಚ್ ಹಿಡಿದು ಸೊಂಟ, ಭುಜ, ಹಿಮ್ಮಡಿಗಳ ಚರ್ಮವನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ. ಎಲ್ಲೂ ಕೆಂಪಗಾಗಿಲ್ಲ.

"ಇವತ್ತು ನಿನ್ ಹಬ್ಬ ಅಲ್ವೇನೇ?" ಗೋಡೆ ಕಡೆ ಮುಖ ಮಾಡಿ ಮಲಗಿದ ಉಚ್ಚಂಗಮ್ಮ ಕೇಳುತ್ತಾರೆ.

"ಹೌದ್ರೀ ಅಮ್ಮ."

"ಮತ್ತೆ ಇಲ್ಲೇನ್ ಮಾಡ್ತಾ ಇದ್ದೀಯೇ?"

"ನಿಮ್ಮ ಡೈಪರ್ ಬದಲಸ್ಲತ್ತೀನ್ರೀ."

ಇಬ್ಬರೂ ನಗುತ್ತಾರೆ. ನಗುವಂಥ ಮಾತೇನಲ್ಲ. ಇವತ್ತು ಡಿಸೆಂಬರ್ ಇಪ್ಪತ್ತೈದು. ಮನೆಯಲ್ಲಿ ಈ ಇಬ್ಬರು ಹೆಂಗಸರನ್ನು, ವರದಿಗೆಂದು ಬಂದ ನನ್ನನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಉಚ್ಚಂಗಮ್ಮನ ಮಗ ರಾಜಶೇಖರ್, ಸೊಸೆ ಶ್ರುತಿ, ಇಬ್ಬರು ಮೊಮ್ಮಕ್ಕಳು ಗೋವಾದಲ್ಲಿದ್ದಾರೆ. ಮಕ್ಕಳ ಇಂಗ್ಲಿಷ್ ಶಾಲೆಗೆ ಕ್ರಿಸ್ಮಸ್ ರಜೆ. ಈ ಮನೆಯಲ್ಲಿ ಕ್ರಿಸ್ಮಸ್ ಹಬ್ಬ ಇರುವುದು ಒಬ್ಬರಿಗೆ, ರಜೆ ಸಿಕ್ಕಿರುವುದು ಬೇರೆ ನಾಲ್ವರಿಗೆ.

ಮೂವತ್ತಾರರ ಎಸ್ತೇರಮ್ಮ ಬೀದರ್ ಜಿಲ್ಲೆಯ ಔರಾದ್ ಕಡೆಯವರು. ಗಂಡ ಕಾಮಾಲೆಯಲ್ಲಿ ತೀರಿಕೊಂಡು ಏಳು ವರ್ಷವಾಯಿತು. ಬೀದರಿನ ನರ್ಸಿಂಗ್ ಹೋಮ್ ಒಂದರಲ್ಲಿ ಆಯಾ ಆಗಿದ್ದವರು, ಬೆಂಗಳೂರಿನ ಏಜೆನ್ಸಿಯೊಂದರ ಮೂಲಕ ಇಪ್ಪತ್ತಾರು ತಿಂಗಳ ಹಿಂದೆ ಈ ಮನೆಗೆ ಬಂದರು. ಅವರ ಹತ್ತನೇ ತರಗತಿಯ ಮೂಲ ಅಂಕಪಟ್ಟಿ ಇಂದಿಗೂ ಆ ಏಜೆನ್ಸಿಯ ಬೀರುವಿನಲ್ಲಿದೆ. ಯಾಕೆ ಎಂದು ಕೇಳಿದರೆ "ಅದು ನಮ್ಮ ರೂಲ್ಸಮ್ಮ" ಎನ್ನುತ್ತಾರಂತೆ. ಹನ್ನೊಂದು ವರ್ಷದ ಮಗಳು ನವೋಮಿ ಊರಿನಲ್ಲಿ ಅಜ್ಜಿಯ ಜೊತೆ ಇದ್ದಾಳೆ.

ಉಚ್ಚಂಗಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು, ಅದಾದ ಮೇಲೆ ಲಕ್ವ ಹೊಡೆಯಿತು. ಬಲಗೈ ಮತ್ತು ನಾಲಿಗೆ ಮಾತ್ರ ಚುರುಕಾಗಿ ಉಳಿದಿವೆ. ಇಂಥವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ದಿನಕ್ಕೆ ಹನ್ನೆರಡು ಸಲ, ರಾತ್ರಿಯೂ ಸೇರಿ. ಇಪ್ಪತ್ತಾರು ತಿಂಗಳಿಗೆ ಲೆಕ್ಕ ಹಾಕಿದರೆ ಒಂಬತ್ತು ಸಾವಿರ ಸಲ ದಾಟುತ್ತದೆ. ಜೊತೆಗೆ ಐದು ಹೊತ್ತು ಚಮಚದಲ್ಲಿ ಊಟ, ಎರಡು ಸಲ ಮೈ ಒರೆಸುವುದು, ಹದಿಮೂರು ಮಾತ್ರೆ. ಈ ಬೆನ್ನಿನ ಮೇಲೆ ಇದುವರೆಗೆ ಒಂದು ಹುಣ್ಣಾಗಿಲ್ಲ. ಡಾಕ್ಟರು ನೋಡಿ ಬೆರಗಾಗಿ, ರಾಜಶೇಖರ್ ಅವರ ಕೈ ಕುಲುಕಿದರು.

ಕೈ ಕುಲುಕಿದ್ದಷ್ಟೇ ಅಲ್ಲ. ಹೋದ ವರ್ಷ ಊರಿನ ಸಂಘವೊಂದು ರಾಜಶೇಖರ್ ಅವರಿಗೆ ಶಾಲು ಹೊದಿಸಿ, "ಮಾತೃಸೇವಾ ನಿರತ ಆಧುನಿಕ ಶ್ರವಣಕುಮಾರ" ಎಂಬ ಫಲಕ ಕೊಟ್ಟಿತು. ಅದು ಹಾಲ್‌ನಲ್ಲಿ ಟೀವಿಯ ಮೇಲೆ ಇದೆ. ಅದರ ಧೂಳು ಒರೆಸುವವರೂ ಎಸ್ತೇರಮ್ಮನೇ. "ಶ್ರವಣಕುಮಾರ ತಂದೆತಾಯೀನ ಹೊತ್ಕೊಂಡು ಹೋಗಿದ್ದ ಕಣ್ರೀ. ಇವ್ನು ಬಿಟ್ಟೋಗವ್ನೆ" ಎನ್ನುತ್ತಾರೆ ಉಚ್ಚಂಗಮ್ಮ.

ರಜೆಯ ಕಥೆ ಶುರುವಾಗಿದ್ದು ದಸರೆಯಲ್ಲಿ. ಡಿಸೆಂಬರ್ ಇಪ್ಪತ್ಮೂರರಿಂದ ಐದು ದಿನ ಊರಿಗೆ ಹೋಗಬೇಕು ಎಂದು ಎಸ್ತೇರಮ್ಮ ಕೇಳಿದರು. ಹಿಂದಿನ ಎರಡು ಕ್ರಿಸ್ಮಸ್‌ಗಳೂ ಇದೇ ಮಂಚದ ಪಕ್ಕದಲ್ಲೇ ಕಳೆದಿದ್ದವು. "ಆಗ್ಲಿ ಹೋಗ್ಬನ್ನಿ, ಅದಕ್ಕೇನಂತೆ" ಎಂದರು ರಾಜಶೇಖರ್. ಡಿಸೆಂಬರ್ ಹದಿನೆಂಟಕ್ಕೆ ಶ್ರುತಿ ಅಡುಗೆಮನೆಗೆ ಬಂದು, ಗೋವಾದಲ್ಲಿ ರೂಮು ಬುಕ್ ಆಗಿದೆ, ಮಕ್ಕಳು ಹಟ ಹಿಡಿದಿದ್ದಾರೆ ಎಂದು ತಿಳಿಸಿದರು. ಏಜೆನ್ಸಿಯಿಂದ ಬದಲಿ ಕರೆಸಿದರಾಯಿತು ಎಂದುಕೊಂಡು ಎಸ್ತೇರಮ್ಮ ಫೋನ್ ಮಾಡಿದರು.

"ಕ್ರಿಸ್ಮಸ್ ವಾರದಲ್ಲಿ ಯಾರ್ನಮ್ಮ ಕಳಿಸ್ಲಿ? ನಮ್ಮ ಹುಡುಗೀರೆಲ್ಲ ರಜ ಕೇಳ್ತಿದಾರೆ."

"ನಾನೂ ಅದ್ಕೇ ಕೇಳ್ಲತ್ತೀನಲ್ರೀ ಸರ್."

ಆ ಕಡೆಯವರು ಫೋನ್ ಇಟ್ಟರು.

ಉಚ್ಚಂಗಮ್ಮನ ಮಗಳು ತ್ರಿವೇಣಿ ದೂರದಲ್ಲೇನೂ ಇಲ್ಲ, ಅಜ್ಜಂಪುರದಲ್ಲಿದ್ದಾರೆ. ಐದು ದಿನ ಬಂದಿರಬಹುದಿತ್ತು. ಅವರಿಗೆ ಸೊಂಟ ನೋವು. "ನನ್ ಸೊಂಟ ಮುರ್ದೋಗೈತೆ, ಅವಳಿಗೆ ನೋವಂತೆ" ಎಂದು ತಾಯಿ ತೀರ್ಪು ಕೊಟ್ಟಾಯಿತು. ಹೊರಡುವಾಗ ಶ್ರುತಿ, "ಫ್ರಿಜ್ಜಲ್ಲಿ ಕೇಕ್ ಇಟ್ಟಿದೀನಿ ಎಸ್ತೇರಮ್ಮ, ನಿಮ್ಮ ಹಬ್ಬ ಅಲ್ವಾ, ತಿನ್ನಿ" ಎಂದರಂತೆ. ಇದನ್ನು ಅನ್ಯಾಯ ಎಂದು ಕರೆದರೆ ಆ ಮನೆಯವರಿಗೆ ಬೇಜಾರಾಗಬಹುದು. ಅವರು ಬೈಯುವವರಲ್ಲ, ಹೊಡೆಯುವವರಲ್ಲ, ಊಟಕ್ಕೆ ಕಡಿಮೆ ಮಾಡುವವರಲ್ಲ. ಎಸ್ತೇರಮ್ಮನಿಗೂ ಒಂದು ಮನೆ ಇದೆ ಎಂಬುದು ಅವರಿಗೆ ಹೊಳೆಯುವುದಿಲ್ಲ, ಅಷ್ಟೇ. ಅಷ್ಟು ಸಾಕು.

ಊರಿನಲ್ಲಿ ಈ ಹೊತ್ತಿಗೆ ಏನು ನಡೆಯುತ್ತಿರುತ್ತದೆ ಎಂಬುದು ಎಸ್ತೇರಮ್ಮನಿಗೆ ಗಂಟೆ ಗಂಟೆಗೂ ಗೊತ್ತು. "ಬಿದಿರಿನ ನಕ್ಷತ್ರ ಮಾಡಿ ಮಾಳಗಿ ಮ್ಯಾಲ ಕಟ್ತಾರ್ರೀ. ಡೋಲಕ್ ಬಾರಿಸ್ಕೋತ ಮನಿ ಮನಿಗಿ ಹಾಡ್ಕೋತ ಬರ್ತಾರ. ಆರಾಧನಾ ಮುಗದ ಮ್ಯಾಲ ಎಲ್ಲಾರೂ ಒಂದೇ ಸಾಲಿನ್ಯಾಗ ಕುಂತು ಉಣ್ತಾರ." ಇಲ್ಲೇ ತರೀಕೆರೆಯ ಚರ್ಚಿಗಾದರೂ ಹೋಗಿ ಬರಬಹುದಿತ್ತಲ್ಲ? ಹೋಗಿ, ಕೂತು, ಬರುವಷ್ಟರಲ್ಲಿ ಎರಡು ಗಂಟೆ ದಾಟುತ್ತದೆ. ಮಗ್ಗುಲು ಬದಲಿಸುವವರು ಯಾರು?

ಒಂಬತ್ತು ಗಂಟೆಗೆ ಫೋನ್ ಟಿಣ್ ಎನ್ನುತ್ತದೆ. ಗೋವಾದ ಬಿಳಿಯ ಚರ್ಚೊಂದರ ಮುಂದೆ ನಾಲ್ವರೂ ಕೆಂಪು ಟೋಪಿ ಹಾಕಿಕೊಂಡು ನಿಂತ ಫೋಟೊ. ಕೆಳಗೆ, "ಹ್ಯಾಪಿ ಕ್ರಿಸ್ಮಸ್ ಎಸ್ತೇರಮ್ಮ! ಅಮ್ಮನ ಬಿಪಿ ಮಾತ್ರೆ ಮರೀಬೇಡಿ." ಎಸ್ತೇರಮ್ಮ ಫೋಟೊವನ್ನು ಉಚ್ಚಂಗಮ್ಮನಿಗೆ ತೋರಿಸುತ್ತಾರೆ.

"ಟೋಪಿ ಯಾಕೆ ಹಾಕ್ಕೊಂಡವ್ರೆ? ಅಲ್ಲೂ ಚಳಿಯಂತಾ?"

"ಹಬ್ಬದ್ದು ಅದು, ಅಮ್ಮ."

"ಯಾರ್ ಹಬ್ಬ?" ಎಂದ ಮುದುಕಿ ಫೋನನ್ನು ಬಲಗೈಯಿಂದ ಆಚೆ ತಳ್ಳುತ್ತಾರೆ.

ಗಂಜಿ ಕುಡಿಸಿ, ಮಾತ್ರೆ ಕೊಟ್ಟು, ಹತ್ತೂವರೆಗೆ ಎಸ್ತೇರಮ್ಮ ಊರಿಗೆ ಫೋನ್ ಮಾಡುತ್ತಾರೆ. ನವೋಮಿ ಈ ಸಲ ಚರ್ಚಿನಲ್ಲಿ ಮೊದಲ ಬಾರಿಗೆ ಎಲ್ಲರ ಮುಂದೆ ನಿಂತು ಬೈಬಲ್ ವಾಕ್ಯ ಓದಿದ್ದಾಳೆ. ಹೊಸ ಲಂಗದ ಬಣ್ಣ ಹೇಳುತ್ತಾಳೆ, ಅಜ್ಜಿ ಮಾಡಿದ ಕರ್ಜಿಕಾಯಿಯ ವಿಷಯ ಹೇಳುತ್ತಾಳೆ. ಮಾತು ಎರಡೇ ನಿಮಿಷಕ್ಕೆ ಮುಗಿಯುತ್ತದೆ. ಮೊದಲ ವರ್ಷ "ಯಾವಾಗ ಬರ್ತಿ?" ಎಂದು ಅತ್ತಿದ್ದಳು. ಎರಡನೇ ವರ್ಷ ಅಳದೆ ಕೇಳಿದ್ದಳು. ಈ ವರ್ಷ ಕೇಳಲೇ ಇಲ್ಲ.

ಎಸ್ತೇರಮ್ಮ ಫೋನನ್ನು ಸೆರಗಿನಿಂದ ಒರೆಸಿ ಕಿಟಕಿಯಲ್ಲಿಟ್ಟು, ಒಂದು ಬಿಳಿ ಹಾಳೆ ತೆಗೆದುಕೊಳ್ಳುತ್ತಾರೆ. ಎಡಮಗ್ಗುಲಿಗೆ ಎಷ್ಟು ಗಂಟೆಗೆ, ಬಲಮಗ್ಗುಲಿಗೆ ಎಷ್ಟು ಗಂಟೆಗೆ, ದಿಂಬು ಎಲ್ಲಿ, ಯಾವ ಮಾತ್ರೆ ಪುಡಿ ಮಾಡಿ ಕೊಡಬೇಕು, ಗಂಜಿ ಎಷ್ಟು ತೆಳ್ಳಗಿರಬೇಕು, ಎಲ್ಲವನ್ನೂ ದಪ್ಪ ಅಕ್ಷರದಲ್ಲಿ ಬರೆದು ಬೀರುವಿನ ಬಾಗಿಲಿಗೆ ಅಂಟಿಸುತ್ತಾರೆ. ಶ್ರುತಿ ಎತ್ತರ ಕಡಿಮೆ ಎಂದು ತುಸು ಕೆಳಗೆ ಅಂಟಿಸುತ್ತಾರೆ. ಮನೆಯವರು ಇಪ್ಪತ್ತೆಂಟಕ್ಕೆ ವಾಪಸಾಗುತ್ತಾರೆ.

"ಇದ್ಯಾಕೆ?" ಎಂದು ಕೇಳುತ್ತೇನೆ.

"ಮೂವತ್ತೊಂದರ ರಾತ್ರಿ ನಮ್ಮ ಚರ್ಚಿನಾಗ ಹೊಸ ವರ್ಷದ ಆರಾಧನಾ ಇರ್ತದ್ರೀ. ಇಪ್ಪತ್ತೊಂಬತ್ತಕ್ಕ ಬಸ್ಸಿನ ಟಿಕೆಟ್ ತೆಗಿಸೀನಿ. ಒಂದ್ ವಾರ ಬಿಟ್ಟು ಬರ್ತೀನಿ."

ಮಂಚದಿಂದ ಉಚ್ಚಂಗಮ್ಮನ ದನಿ. "ಹೋಗೇ, ಹೋಗು. ಹೊರಳ್ಸೋದು ಅವ್ರೂ ಕಲೀಲಿ."

"ರಾಜಶೇಖರ್ ಅವರನ್ನು ಕೇಳಿದ್ದೀರಾ?" ಎನ್ನುತ್ತೇನೆ ನಾನು.

"ಇಲ್ರೀ," ಎನ್ನುತ್ತಾರೆ ಎಸ್ತೇರಮ್ಮ, ಹಾಳೆಯ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತುತ್ತ. "ಕೇಳಿ ಕೇಳಿ ಮೂರು ಕ್ರಿಸ್ಮಸ್ ಹೋದವು. ಈ ಸಲ ಕೇಳಂಗಿಲ್ಲ, ಹೇಳ್ತೀನಿ."