ಕಾಲುವೆ ದಂಡೆ ಹಿಡಿದು ಆನೆಗೊಂದಿಗೆ

ತುರ್ವಿಹಾಳದಿಂದ ಆನೆಗೊಂದಿಗೆ ಸೈಕಲ್ ಮೇಲೆ ಹೊರಡುವವರು ಮೊದಲು ಹಂಪಣ್ಣನ ಅಂಗಡಿಯಲ್ಲಿ ಗಾಳಿ ತುಂಬಿಸಿಕೊಳ್ಳುತ್ತಿದ್ದರು. ಆಮೇಲೆ ಅಂಗಡಿಯ ಹಿಂದಿನ ಅಡುಗೆಮನೆ ಬಾಗಿಲಿಗೆ ಬಂದು ಅವನ ಹೆಂಡತಿ ಕಸ್ತೂರೆಮ್ಮನನ್ನು ದಾರಿ ಕೇಳುತ್ತಿದ್ದರು. ಕೈಯಲ್ಲಿನ ಕೆಲಸ ನಿಲ್ಲಿಸದೆಯೇ ಅವಳು ಹೇಳುತ್ತಿದ್ದಳು: ಕಾರಟಗಿ ಮುಟ್ಟುವ ಮೊದಲು ಕುಡಿಯುವ ನೀರು ಎಲ್ಲಿದೆ, ಯಾವ ತೂಬಿನ ಹತ್ತಿರ ಇಳಿದು ಸೈಕಲ್ ತಳ್ಳಿಕೊಂಡು ಹೋಗಬೇಕು, ಜತೆಯಲ್ಲಿ ಹೆಂಗಸರಿದ್ದರೆ ಮರೆಗೆ ಹೋಗಲು ಜಾಲಿಗಿಡ ದಟ್ಟವಾಗಿರುವುದು ಎಲ್ಲಿ. ಇದು ಅರವತ್ತೇಳರಿಂದೀಚಿನ ಮಾತು. ಅದಕ್ಕಿಂತ ಮೊದಲು ಆ ದಾರಿಯ ಬಗ್ಗೆ ಅವಳನ್ನು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಅವಳ ತವರು ಮಸ್ಕಿ ಕಡೆಯ ಸಂತೆಕಲ್ಲೂರು. ಅಲ್ಲಿ ನೀರೆಂದರೆ ಬಾವಿಯ ಹಗ್ಗ, ಅಂಗೈಯಲ್ಲಿ ಬೊಬ್ಬೆ. ಮದುವೆಯಾಗಿ ತುರ್ವಿಹಾಳಕ್ಕೆ ಬಂದಾಗ ಹೊಸ ಕಾಲುವೆಯಲ್ಲಿ ನೀರು ತಾನಾಗಿಯೇ ಊರಿಗೆ ನಡೆದು ಬರುತ್ತಿತ್ತು. ನೋಡಿ ಬೆರಗಾಗಿ ಗಂಡನನ್ನು ಕೇಳಿದ್ದಳು: "ಇಷ್ಟು ನೀರು ಎಲ್ಲಿಂದ ಬರ್ತೈತ್ರಿ?"

"ಹೊಳಿಯಿಂದ."

"ಹೊಳಿ ಎಲ್ಲೈತಿ?"

ಹಂಪಣ್ಣ ಸ್ಪ್ಯಾನರ್ ಹಿಡಿದ ಕೈಯನ್ನು ಪಡುವಣಕ್ಕೆ ಚಾಚಿ, "ಅಗಾ, ಅಲ್ಲಿ" ಎಂದಿದ್ದ. ಆ ದಿನದಿಂದ ತುಂಗಭದ್ರೆಯನ್ನು ಕಣ್ಣಾರೆ ನೋಡಬೇಕೆಂಬ ಆಸೆ ಅವಳಲ್ಲಿ ಬೇರೂರಿತು.

ಪ್ರತಿ ಸಂಕ್ರಾಂತಿಗೆ ಊರಿನ ಗಂಡಸರು ಹೊಳೆಸ್ನಾನಕ್ಕೆ ಆನೆಗೊಂದಿಗೆ ಹೋಗುತ್ತಿದ್ದರು. ಮೊದಲು ಬಂಡಿಯಲ್ಲಿ, ಈಗ ಹಂಪಣ್ಣನ ಅಂಗಡಿಯ ಸೈಕಲ್‌ಗಳ ಮೇಲೆ. ಹಂಪಣ್ಣನೂ ಸೇರಿ ಐವರ ಗುಂಪು; ಅವರ ಮುಂದಾಳು ಶಾಲೆಯ ಕರಿಬಸಯ್ಯ ಮಾಸ್ತರ. ಸ್ನಾನ ಒಂದು ಮುಳುಗಿನ ಕೆಲಸ. ಅದರ ಬುತ್ತಿ ಮೂರು ದಿನದ ಕೆಲಸ. ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಮೂರು ಬಗೆಯ ಚಟ್ನಿಪುಡಿ. ಹಿಟ್ಟು ಬೀಸುವುದರಿಂದ ಗಂಟು ಬಿಗಿಯುವವರೆಗೆ ಎಲ್ಲವೂ ಹೆಂಗಸರ ಪಾಲು. ಸೈಕಲ್‌ಗಳು ಊರಬಾಗಿಲಿನ ಅಗಸಿ ದಾಟಿದ ಮೇಲೆ ಅವರು ತಳದಲ್ಲಿ ಉಳಿದ ಮುರುಕು ರೊಟ್ಟಿ ತಿಂದು ಪಾತ್ರೆ ತಿಕ್ಕಲು ಕೂರುತ್ತಿದ್ದರು.

ಕಸ್ತೂರೆಮ್ಮ ಸೈಕಲ್ ಕಲಿತದ್ದು ಬಟ್ಟೆಯ ದೆಸೆಯಿಂದ. ಕಾಲುವೆಗೆ ಒಯ್ಯುವ ಬಟ್ಟೆಗಂಟನ್ನು ತಲೆಯ ಮೇಲೆ ಹೊರುವ ಬದಲು, ಅಂಗಡಿಯಲ್ಲಿ ನಿಂತ ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿ ತಳ್ಳಿಕೊಂಡು ಹೋಗತೊಡಗಿದಳು. ದವಾಖಾನೆಯ ನರ್ಸ್ ಮೆಹರಬಾನುವಿನ ಲೇಡೀಸ್ ಸೈಕಲ್ ಜಾಲಿಮುಳ್ಳಿಗೆ ಸಿಕ್ಕು ವಾರಕ್ಕೊಮ್ಮೆ ಅಂಗಡಿಗೆ ಬರುತ್ತಿತ್ತು. ಹಂಪಣ್ಣ ಉಂಡು ಮಲಗಿದ ಹೊತ್ತಿನಲ್ಲಿ ಅದನ್ನೇ ಒಯ್ಯುವಳು. ಬಟ್ಟೆ ಒಗೆದು ಜಾಲಿಗಿಡದ ಮೇಲೆ ಹರವಿ, ಒಣಗುವವರೆಗೆ ದಂಡೆಯ ಮೇಲೆ ಬಿದ್ದೆದ್ದು ಸೈಕಲ್ ತುಳಿಯುವಳು. ನೀರಾವರಿ ಇಲಾಖೆಯ ಜೀಪು ಓಡಾಡಲೆಂದು ಮರಂ ಮಣ್ಣು ಹಾಸಿದ ಗಟ್ಟಿ ದಂಡೆ ಅದು. ಮೈಲಿಗೊಂದು ಕಲ್ಲು. ಇವತ್ತು ಒಂದು ಕಲ್ಲು, ನಾಳೆ ಎರಡು. ಕಾಲುವೆ ಸುತ್ತಿ ಬಳಸಿ ಹೋದರೂ ಏರಿಲ್ಲ, ಇಳಿಜಾರಿಲ್ಲ ಎಂಬುದು ಅವಳ ಮೊಣಕಾಲಿಗೆ ತಿಳಿಯಿತು. ನಾಟಿಗೆ ಬಂದ ಹೆಂಗಸರನ್ನು ಮಾತಾಡಿಸಿ ಮುಂದಿನ ಊರು, ನೀರು, ನೆರಳು ಎಲ್ಲವನ್ನೂ ಕೇಳಿಕೊಂಡಳು. ಮೆಹರಬಾನುಗೆ ಇದು ಗೊತ್ತಿತ್ತು, ಓಣಿಯ ಹೆಂಗಸರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವನು ಹಂಪಣ್ಣ ಒಬ್ಬನೇ.

ಅರವತ್ತಾರರ ಸಂಕ್ರಾಂತಿಯಲ್ಲಿ ಬುತ್ತಿಗಂಟು ಕೊಡುವಾಗ ಅವಳೇ ಬಾಯಿ ಬಿಟ್ಟಳು. "ಅಯ್ಯನೋರ, ಆ ಹಳೇ ಬಂಡಿದಾರಿ ಬ್ಯಾಡ್ರಿ. ಗದ್ದಿಗಳ ಬಸಿನೀರು ದಾರಿಮ್ಯಾಲೆ ನಿಂತೈತಂತ. ಕಾಲುವಿ ದಂಡಿ ಹಿಡೀರಿ."

ಕರಿಬಸಯ್ಯ ನಕ್ಕರು. "ತಂಗೀ, ನಮ್ಮಜ್ಜನ ಕಾಲದಿಂದ ಅದೇ ದಾರೀಲೆ ಹೋಗ್ಯಾರ. ಸಂಕ್ರಾಂತಿಗೆ ಎರೆ ಒಣಗಿ ಕಲ್ಲಾಗಿರ್ತೈತಿ. ನೀ ಗಂಟು ಕಟ್ಟು, ದಾರಿ ನಾವು ನೋಡ್ತೀವಿ."

ಅಜ್ಜನ ಕಾಲದ ಎರೆಯ ಕರಿಮಣ್ಣೇನೋ ಒಣಗುತ್ತಿತ್ತು. ಆಗ ಭತ್ತ ಇರಲಿಲ್ಲ. ಈಗ ದಾರಿಯ ಎರಡೂ ಬದಿಗೆ ಗದ್ದೆ, ನಡುವೆ ಮೊಣಕಾಲುದ್ದ ಕೆಸರು. ಒಂದು ಹರದಾರಿಯೂ ಹೋಗಿರಲಿಲ್ಲ. ಎರೆಮಣ್ಣು ಮಡಗಾರ್ಡಿನೊಳಗೆ ಮೆತ್ತಿ ಗಾಲಿಗಳು ತಿರುಗದಂತಾದವು. ಹೊತ್ತು ಇಳಿಯುವ ಮೊದಲೇ ಐವರೂ ಸೈಕಲ್ ಹೆಗಲಿಗೇರಿಸಿಕೊಂಡು ಓಣಿಗೆ ಬಂದರು. ಪಕ್ಕದ ಮನೆಯ ಜುಬೇದಾಬೀ ಕಟ್ಟೆಯ ಮೇಲಿಂದ ಕೂಗಿದಳು: "ಏನ್ರಿ ಮಾಸ್ತರ್ರ, ನೀವು ಸೈಕಲ್ ಮ್ಯಾಲೆ ಹೋದ್ರಿ, ಸೈಕಲ್ ನಿಮ್ಮ ಮ್ಯಾಲೆ ಕುಂತು ಬಂದಾವಲ್ಲ!"

ಮೂರು ದಿನದ ಬುತ್ತಿ ಕೆಸರಾಗಿ ದನಕ್ಕೆ ಹೋಯಿತು. ಕಸ್ತೂರೆಮ್ಮ ಐದು ಮಂದಿಯ ಧೋತರ ನೆನೆಹಾಕಿ, ಕಡ್ಡಿ ಹಿಡಿದು ಮಡಗಾರ್ಡಿನ ಮಣ್ಣು ಕೆರೆಯುತ್ತ ಕುಳಿತಳು. ಬರುವ ವರ್ಷ ಹೊಳೆಗೆ ತಾನು ಹೋಗಿಯೇ ತೀರಬೇಕು ಎಂದು ಗಟ್ಟಿಮಾಡಿಕೊಂಡದ್ದು ಆಗಲೇ.

ಮುಂದಿನ ಸಂಕ್ರಾಂತಿಗೆ ಹದಿನೈದು ದಿನ ಇರುವಾಗ ಕರಿಬಸಯ್ಯ ಅಡುಗೆಮನೆ ಬಾಗಿಲಿಗೆ ಬಂದು ಕೆಮ್ಮಿದರು. "ತಂಗೀ, ಆ ಕಾಲುವಿ ದಾರಿ ಹೆಂಗಂದಿದ್ದಿ?"

"ಹೇಳಿದ್ರ ತಿಳಿಯಂಗಿಲ್ರಿ ಅಯ್ಯನೋರ. ಜೋಡಿ ಬಂದು ತೋರಸ್ಬೇಕು."

ಅಂಗಡಿಯಲ್ಲಿದ್ದ ಹಂಪಣ್ಣನಿಗೆ ನಗು ತಡೆಯಲಿಲ್ಲ. "ಸೈಕಲ್ ತುಳಿಯಾಕ ಬರ್ತೈತೇನ ನಿನಗ?"

ಕಸ್ತೂರೆಮ್ಮ ಹಿಟ್ಟಿನ ಕೈ ಒರೆಸಿಕೊಂಡು ಹೊರಗೆ ಬಂದಳು. ರಿಪೇರಿ ಮುಗಿದು ನಿಂತಿದ್ದ ಮೆಹರಬಾನುವಿನ ಸೈಕಲ್ ಹತ್ತಿ ಅಗಸಿಯವರೆಗೆ ಹೋಗಿ ತಿರುಗಿ ಬಂದು ಇಳಿದಳು. "ಹಿಂದಿನ ಬ್ರೇಕ್ ಸಡಿಲೈತ್ರಿ, ಇನ್ನೊಂಚೂರು ಬಿಗೀರಿ" ಎಂದಳು. ಹಂಪಣ್ಣ ಸ್ಪ್ಯಾನರ್ ಹುಡುಕತೊಡಗಿದ. ಸೈಕಲ್ ಒಯ್ಯಲು ಬಂದಿದ್ದ ಮೆಹರಬಾನು, "ಒಯ್ಯಿರಿ ವೈನಿ. ನನಗಂತೂ ರಜಾ ಸಿಗಂಗಿಲ್ಲ, ನನ್ನ ಗಾಡಿಯಾದ್ರೂ ಹೊಳಿ ನೋಡಲಿ" ಎಂದಳು.

ಉಳಿದದ್ದು ಅತ್ತೆ ಪಂಪಮ್ಮ. "ನೀ ಹೋದ್ರ ಬುತ್ತಿ ಯಾರು ಮಾಡ್ತಾರ? ನನಗ ಯಾರು ನೀಡ್ತಾರ?"

"ಸಜ್ಜಿರೊಟ್ಟಿ ಹದಿನೈದು ದಿನ ಇಟ್ಟರೂ ಕೆಡಂಗಿಲ್ಲ ಅತ್ತಿ. ಮೊದಲೇ ಬಡಿದು ಇಡ್ತೀನಿ. ನಿಮಗ ಜುಬೇದಾಬೀ ಮನಿಯಿಂದ ಬಿಸಿಸಾರು ಬರ್ತೈತಿ, ಹೇಳೀನಿ. ಹೋಳಿಗಿ, ಎಣಗಾಯಿ ಈ ವರ್ಷ ಇಲ್ಲ."

"ಹೋಳಿಗಿ ಇಲ್ಲದ ಸಂಕ್ರಾಂತೇನ?" ಎಂದ ಹಂಪಣ್ಣ.

ಪಂಪಮ್ಮ ಮಗನತ್ತ ತಿರುಗಿದಳು. "ನೀ ಸುಮ್ಮನಿರೋ. ನಲವತ್ತು ವರ್ಷ ಬುತ್ತಿ ಕಟ್ಟೀನಿ. ಮೊದಲ ನಿಮ್ಮಪ್ಪಗ, ಆಮ್ಯಾಲೆ ನಿನಗ. ಹೊಳಿ ಹೆಂಗಿತ್ತು ಅಂತ ಬಂದು ಒಬ್ಬರಾದ್ರೂ ಹೇಳೀರೇನು?" ಆಮೇಲೆ ಸೊಸೆಗೆ ಅಂದಳು: "ಹೋಗಿ ಬಾರವ್ವ."

ಹೊರಟ ದಿನ ದಂಡೆಯ ಮೇಲೆ ಮುಂದಿನ ಸೈಕಲ್ ಅವಳದು. ಕಾಲುವೆ ಎಲ್ಲಿ ಮಗ್ಗಲು ಬದಲಿಸುತ್ತದೋ ಅಲ್ಲಿ ಅವಳೂ ತಿರುಗುವಳು. ದೂರವೇನೋ ಹೆಚ್ಚಾಯಿತು. ಆದರೆ ಒಂದೆರಡು ತೂಬುಗಳ ಹತ್ತಿರ ಬಿಟ್ಟರೆ ಯಾರೂ ಇಳಿದು ತಳ್ಳಲಿಲ್ಲ, ಯಾರ ಗಾಲಿಗೂ ಮಣ್ಣು ಮೆತ್ತಲಿಲ್ಲ. ಕಾರಟಗಿಯಲ್ಲಿ ಮಾಸ್ತರರ ಬೀಗರ ಮನೆಯಲ್ಲಿ ತಂಗಿದರು. ಅಲ್ಲಿಯೂ ಗಂಡಸರು ಪಡಸಾಲೆಯಲ್ಲಿ ಕಾಲು ಚಾಚಿದರು. ಅವಳು ಅವರಷ್ಟೇ ಮೈಲಿ ತುಳಿದಿದ್ದರೂ ಮನೆಯ ಸೊಸೆಯ ಜೊತೆ ಒಲೆಯ ಮುಂದೆ ಕುಳಿತಳು. ಆ ಸೊಸೆ ಹಿಟ್ಟು ನಾದುತ್ತ ಪಿಸುಗುಟ್ಟಿದಳು: "ಯಕ್ಕಾ, ಕಾಲು ನೋಯಾಕತ್ತಾವೇನು? ಕಲಿಯಾಕ ಎಷ್ಟು ದಿನ ಬೇಕು?"

ಗಂಗಾವತಿ ಹತ್ತಿರ ಕಾಲುವೆಯನ್ನು ಬಿಟ್ಟು, ಗುಂಡುಕಲ್ಲುಗಳ ಗುಡ್ಡದ ನಡುವೆ ಹಾಯ್ದು ಮರುದಿನ ಮಧ್ಯಾಹ್ನ ಆನೆಗೊಂದಿ ಮುಟ್ಟಿದರು. ಹಳೆಯ ಕೋಟೆಬಾಗಿಲು ದಾಟಿದರೆ ಬಂಡೆಗಳ ನಡುವೆ ಹೊಳೆ. ಆಚೆ ದಡದಲ್ಲಿ ಹಂಪಿಯ ಕಲ್ಲುಮಂಟಪಗಳು. ನಡುವೆ ಒಂದು ಹರಗೋಲಿನಲ್ಲಿ ಯಾರದೋ ಸೈಕಲ್ ಕೂಡ ದಾಟುತ್ತಿತ್ತು. ಇಷ್ಟು ಅಗಲದ ನೀರನ್ನು ಕಸ್ತೂರೆಮ್ಮ ಕಂಡಿರಲಿಲ್ಲ. ಯಾರೂ ಎಳೆಯಬೇಕಾಗಿಲ್ಲ, ಯಾರೂ ಹೊರಬೇಕಾಗಿಲ್ಲ. ಸೆರಗು ಬಿಗಿದು ಮೊಣಕಾಲಿನ ಮಟ ಇಳಿದು ಸುಮ್ಮನೆ ನಿಂತಳು.

ಅಷ್ಟರಲ್ಲಿ ಗಂಡಸರ ಸ್ನಾನ ಮುಗಿದಿತ್ತು. ತಲೆ ಒರೆಸಿಕೊಂಡು ಬಂಡೆಯ ಮೇಲೆ ಸಾಲಾಗಿ ಕುಳಿತು, ರೂಢಿಯಂತೆ ಅವಳತ್ತ ನೋಡಿದರು.

"ತಂಗೀ, ಹಸಿವಾಗೈತಿ" ಎಂದರು ಕರಿಬಸಯ್ಯ.

"ಗಂಟು ನಿಮ್ಮ ಕ್ಯಾರಿಯರ್‌ಗೇ ಐತ್ರಿ ಅಯ್ಯನೋರ. ನಾ ಇನ್ನೂ ಮುಳುಗಿಲ್ಲ."

ಕೊನೆಗೆ ಹಂಪಣ್ಣ ಎದ್ದ. ಗಂಟು ಬಿಚ್ಚಿದರೆ ಯಾವುದರೊಳಗೆ ಯಾವುದಿದೆಯೋ ಅವನಿಗೆ ತಿಳಿಯದು. ಗುರೆಳ್ಳು ಚಟ್ನಿಪುಡಿ ಚೆಲ್ಲಿದ, ಎರಡು ರೊಟ್ಟಿ ಮುರಿದ, ಎಲ್ಲರೂ ನಕ್ಕರು, ಅವನೂ ನಕ್ಕ. ಒಬ್ಬೊಬ್ಬರಿಗೆ ನೀಡುತ್ತ ಬಂದವನು ಹೊಳೆಯ ಕಡೆ ತಿರುಗಿ ಕೂಗಿದ:

"ಲೇ ಕಸ್ತೂರಿ, ನಿನಗ ಎಷ್ಟು ರೊಟ್ಟಿ ತಗದಿಡ್ಲಿ?"

ಇಷ್ಟು ವರ್ಷ ಉಳಿದದ್ದನ್ನು ಉಂಡವಳಿಗೆ ತನ್ನ ಹಸಿವಿನ ಅಳತೆ ಗೊತ್ತಿರಲಿಲ್ಲ. ನೀರಿನಲ್ಲಿ ನಿಂತು ಯೋಚಿಸಿದಳು.

"ಮೂರು" ಎಂದಳು. ಮತ್ತೆ, "ಅಲ್ಲ, ನಾಕು ಇಡ್ರಿ" ಎಂದು ಕೂಗಿ ಹೇಳಿ, ಮೂಗು ಹಿಡಿದುಕೊಂಡು ಮುಳುಗಿದಳು.